ಹೆಲ್ಮೆಟ್ ಹಾಕಿಕೊಂಡು ರೇಡಿಯೋಕ್ಕೆ ಬಂದ ಅತ್ತಿ

ನಮ್ಮ ಅತ್ತಿಯಂಥ ಪುಕ್ಕಲಿ ಇಡೀ ಗೋವಾದಲ್ಲಿ ಇನ್ನೊಬ್ಬಳಿದ್ದರೆ ದಯವಿಟ್ಟು ತೋರಿಸಿ, ಇಬ್ಬರನ್ನೂ ಒಂದೇ ಖೋಲಿಯಲ್ಲಿ ಕೂರಿಸಿ ಬಾಗಿಲು ಹಾಕಿಕೊಂಡು ಬರೋಣ! ಅಲ್ಲಲ್ಲ, ಬಾಗಿಲು ಹಾಕುವಂತಿಲ್ಲ. ಮುಚ್ಚಿದ ಬಾಗಿಲಿಗೂ ಅವಳಿಗೆ ಅಂಜಿಕೆ. ಕುಕ್ಕರ್ ಸೀಟಿ ಹೊಡೆಯುವ ಹೊತ್ತಿಗೆ ಅವಳು ವಾಸ್ಕೋದಲ್ಲಿ ನಾವಿರುವ ಮಂಗೋರ್ ಹಿಲ್ ಗುಡ್ಡದ ಅರ್ಧ ಇಳಿಜಾರು ದಾಟಿರುತ್ತಾಳೆ. ಗುರುತಿಲ್ಲದ ನಂಬರಿನಿಂದ ಫೋನು ಬಂದರೆ ಅದರ ಮೇಲೆ ದಿಂಬು ಇಟ್ಟು ಉಸಿರು ಬಿಗಿಹಿಡಿದು ಕೂರುತ್ತಾಳೆ. ಹೊರಗೆ ಹೋಗುವ ದಿನವಂತೂ ಮುಂಜಾನೆಯಿಂದಲೇ ನೀರು ಬಂದ್. ಮೇ ತಿಂಗಳ ಸೆಕೆಯಲ್ಲಿ ಪಣಜಿಗೆ ಹೋಗಿ ಬಂದರೂ ಒಂದು ಗುಟುಕು ಮುಟ್ಟುವುದಿಲ್ಲ.

"ಒಂಟಿಗೂ ನಿನಗೂ ಏನರ ಬೀಗಸ್ತನ ಐತೇನ ಅತ್ತಿ?" ಎಂದು ನಾನು ಕೇಳುತ್ತಿದ್ದೆ.

"ಹೌದವಾ, ಒಂಟಿ ಹಂಗ ನನಗೂ ಡುಬ್ಬ ಬಂದ್ರ ನೀನs ತಿಕ್ಕಾಕಿ," ಎನ್ನುತ್ತಿದ್ದಳು.

ಇನ್ನು ಅವಳ ಪಿನ್ನುಗಳು! ಹೆಗಲಿನಿಂದ ಸೊಂಟದವರೆಗೆ ಸೆರಗಿನ ತುಂಬ ಸೇಫ್ಟಿ ಪಿನ್ನು. ಒಮ್ಮೆ ವಾಸ್ಕೋದ ದೊಡ್ಡ ಬಟ್ಟೆ ಅಂಗಡಿಯ ಬಾಗಿಲಲ್ಲಿ ತಪಾಸಣೆಯ ಯಂತ್ರ ಕೂಗಿಕೊಂಡಿತು. ಕಾವಲಿನ ಹೆಂಗಸು ಒಂದೊಂದೇ ಪಿನ್ನು ನೋಡಿ ನೋಡಿ ಸುಸ್ತಾಗಿ, ಕೊನೆಗೆ ಕೈಮುಗಿದು ಒಳಗೆ ಬಿಟ್ಟಳು. ಅತ್ತಿಯನ್ನು ಮಾಂಡವಿ ನದಿಯಲ್ಲಿ ಇಳಿಬಿಟ್ಟರೆ ಒಂದು ಹಡಗು ಲಂಗರು ಹಾಕಿ ನಿಲ್ಲಬಹುದು ಎಂದು ನಾನು ನಗುತ್ತಿದ್ದೆ.

ಮದುವೆಗೆ ಮುಂಚೆ ಅವಳು ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದಳಂತೆ. ಈ "ಅಂತೆ"ಗಿಂತ ಹೆಚ್ಚಿಗೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಮಿಕ್ಸರ್ ತಿರುಗುವಾಗ ಮಾತ್ರ ಅವಳು ಗುನುಗುತ್ತಾಳೆ. ಮಿಕ್ಸರ್ ನಿಂತಿತೋ, ಹಾಡೂ ಬಂದ್!

ಇಂಥ ಮನೆಯಲ್ಲಿ ಬೆಳೆದ ನಾನು ನಮ್ಮ ಕಾಲೇಜಿನ ರೇಡಿಯೋದಲ್ಲಿ ಎಂಥ ವಿಷಯ ಎತ್ತಿಕೊಳ್ಳಬೇಕು? ಸಂಗೀತದ ಧಂದೆಯಲ್ಲಿ ಹೆಂಗಸರಿಗೆ ಆಗುವ ಅನ್ಯಾಯ! ನಮ್ಮ ರೇಡಿಯೋ ಅಷ್ಟು ದೊಡ್ಡದೇನಲ್ಲ, ಕಾಲೇಜಿನ ಗೇಟು ದಾಟಿದರೆ ಕೆಮ್ಮಲು ಶುರು ಮಾಡುತ್ತದೆ. ಆದರೆ ಮೊಬೈಲಿನಲ್ಲಿ ಎಲ್ಲರಿಗೂ ಕೇಳುತ್ತದಲ್ಲ, ಫಜೀತಿ ಅಲ್ಲೇ ಇರುವುದು. ಫಾತೋರ್ಡಾದ ಗೆಳತಿ ಸೆಲ್ಮಾ ಯಂತ್ರ ನೋಡಿಕೊಳ್ಳುವವಳು, ನಾನು ಮಾತಾಡುವವಳು. ಮಾತಾಡಿಸಲು ಮಾತ್ರ ಯಾರೂ ಸಿಗಲಿಲ್ಲ. ಒಬ್ಬ ಗಾಯಕಿ "ನಮ್ಮನಿಯವರು ಬೈತಾರ" ಎಂದಳು. ಇನ್ನೊಬ್ಬಳು ಒಪ್ಪಿಕೊಂಡು ಫೋನೇ ಆರಿಸಿಬಿಟ್ಟಳು.

ಖುಷಿಯಿಂದ ಮಾತಾಡಿದವನು ಒಬ್ಬನೇ, ನಮ್ಮ ಗುಡ್ಡದ ಆರ್ಕೆಸ್ಟ್ರಾದ ಮಾಲೀಕ.

"ನಮ್ಮಲ್ಲಿ ಲೇಡೀಸಿಗೆ ಭಾಳ ಮರ್ಯಾದಿರಿ. ಸ್ಟೇಜಿನ ಹಿಂದ ಕುರ್ಚಿ ಸೈತ ಹಾಕಿರ್ತೀವಿ!"

"ಪೋಸ್ಟರಿನ್ಯಾಗ ಅವ್ರ ಹೆಸರು ಇರಂಗಿಲ್ಲಲ್ರಿ?"

"ಹೆಸರ್ಯಾಕ್ರಿ? 'ಲೇಡಿ ಸಿಂಗರ್' ಅಂತ ಹಾಕಿರ್ತೀವಲ್ಲ. ಅವ್ರು ಬರ್ತಾರ, ಹೋಗ್ತಾರ. ಪೋಸ್ಟರ್ ಒಮ್ಮೆ ಮಾಡಿಸಿದ್ರ ಮುಗೀತು."

ನಾನು ಎದ್ದಾಗ ಅವನು ನಗುತ್ತಾ ಹೇಳಿದ: "ನಿಮ್ಮ ಮಾಮಾನ ಟೆಂಪೋ ನಮ್ಮ ಸ್ಪೀಕರ್ ಹೊತಗೊಂಡs ಓಡತೈತಿ, ಗೊತ್ತೈತಲ್ಲ? ವಿಚಾರ ಮಾಡಿ ಮಾತಾಡ್ರಿ."

ಮಾಮಾ ಎಂದರೆ ಅತ್ತಿಯ ಗಂಡ. ಇಡೀ ಮನೆ ನಡೆಯುವುದು ಆ ಟೆಂಪೋದ ಮೇಲೆ. ಗುಡ್ಡ ಹತ್ತಿ ಬರುವಾಗ ಹಿಂದಿನಿಂದ ಬೈಕು ಬಂದರೆ ಗೋಡೆಗೆ ಅಂಟಿಕೊಂಡೆ. ಬ್ಯಾಗಿನಲ್ಲಿದ್ದ ಫೋನು ಬಡಿದುಕೊಂಡಾಗ ಅದರ ಮೇಲೆ ದಿಂಬು ಇಡಬೇಕು ಅನ್ನಿಸಿತು! ಅತ್ತಿಯ ರೋಗ ನನಗೂ ಅಂಟಿತ್ತು.

ಮನೆಯಲ್ಲಿ ಅತ್ತಿ ಮೆಂತೆ ಸೊಪ್ಪು ಸೋಸುತ್ತಿದ್ದಳು. ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು.

"ನಕ್ಕೋತ ಹೇಳಿದನೇನ?"

"ಹೂಂ."

ಸೊಪ್ಪಿನ ಮೇಲೆ ಅವಳ ಕೈ ನಿಂತಿತು.

"ಆಗೂ ಹಂಗs ನಗತಿದ್ದ. ನಾ ಹಾಡಿದ್ದು ಆತನ ಆರ್ಕೆಸ್ಟ್ರಾ ಪಾರ್ಟಿದಾಗs."

ಹಾಡು ರಂಗೇರಿದಾಗ ಮೆಚ್ಚಿದವರು ಸ್ಟೇಜು ಹತ್ತಿ ಆಯೇರಿ ಮಾಡುವುದು ನಮ್ಮ ಕಡೆಯ ಪದ್ಧತಿ. ಹಾಡುವವರಿಗೆ ನೋಟು ಸಿಕ್ಕಿಸುತ್ತಾರೆ, ಪಿನ್ನು ಹಾಕಿ. ಗಂಡಸು ಹಾಡಿದರೆ ಅಂಗಿಯ ಕಿಸೆಗೆ. ಹೆಂಗಸು ಹಾಡಿದರೆ?

"ಎದಿಗೆ ಚುಚ್ಚತಿದ್ರವಾ. ಪಿನ್ನಾ ಹಾಕೂದು ನಿಧಾನ, ಕೈ ತೆಗಿಯೂದು ಇನ್ನೂ ನಿಧಾನ. ಹಾಡ ನಿಲ್ಲಸ್ಬಾರದು, ನಕ್ಕೋತ ಹಾಡಬೇಕು. ಆತಗ ಹೇಳಿದ್ರ, 'ಮೆಚ್ಚಿ ಬರ್ತಾರ, ನಿನಗೇನ ಕಡಿಮಿ ಆಕ್ಕೈತಿ' ಅಂತಿದ್ದ. ಅದಕ್ಕ ನಾನs ಸೆರಗಿನ ತುಂಬ ಪಿನ್ನಾ ಹಾಕ್ಕೊಂಡು ಹೋಗಾಕ ಚಾಲು ಮಾಡಿದೆ. ಮತ್ತೊಬ್ರಿಗೆ ಚುಚ್ಚಾಕ ಜಾಗಾನs ಇರಬಾರದು, ನೋಡು."

ಲಂಗರಿನ ಜೋಕು ಮಾಡಿದವಳು ನಾನೇ. ಕೇಳಲು ಧೈರ್ಯವಾಗದಿದ್ದರೂ ಕೇಳಿದೆ: "ನೀರು?"

"ಗಂಡಸರು ಪೆಂಡಾಲಿನ ಹಿಂದ ಹೋಗಿ ಬರತಿದ್ರು. ನಾ ಎಲ್ಲಿ ಹೋಗ್ಲಿ? ನೀರು ಕುಡಿಯದs ಇರೂದs ಚಲೋ."

ಮತ್ತೆ ಸೊಪ್ಪು ಸೋಸುತ್ತ ಅವಳೇ ಹೇಳಿದಳು: "ನಾ ಬರ್ತೀನಿ ನಿನ್ನ ರೇಡಿಯೋಕ್ಕ. ಹೆಸರು ಮಾತ್ರ ಹೇಳಬ್ಯಾಡ."

ಕಾರ್ಯಕ್ರಮದ ದಿನ ಅತ್ತಿ ಬಂದಿಳಿದದ್ದು ಪೈಲಟ್ ಬೈಕಿನಲ್ಲಿ. ಬಾಡಿಗೆಗೆ ಬೈಕು ಓಡಿಸುವವನನ್ನು ನಮ್ಮಲ್ಲಿ ಪೈಲಟ್ ಎನ್ನುತ್ತಾರೆ, ಗಗನಸಖಿಯರನ್ನು ಹುಡುಕಬೇಡಿ! ಅವನು ಕೊಟ್ಟ ಹೆಲ್ಮೆಟ್ಟನ್ನು ಅವಳು ತೆಗೆಯಲೇ ಇಲ್ಲ. ಪಾಪ, ಅವನು ಹೆಲ್ಮೆಟ್ಟಿಗಾಗಿ ಗೇಟಿನಲ್ಲೇ ಕಾದು ಕುಳಿತ.

ರೇಡಿಯೋದಲ್ಲಿ ಮುಖ ಕಾಣಿಸುವುದಿಲ್ಲವೆಂದು ಸೆಲ್ಮಾ ಹಣೆ ಹಣೆ ಬಡಿದುಕೊಂಡಳು. "ಆಂಟಿ, ರೇಡಿಯೋ ಮೇ ಚೆಹರಾ ನಹೀ ದಿಖತಾ!"

"ಆಕಿಗೇನ ಗೊತ್ತು? ಈಗಿನ ಮಷೀನದಾಗ ಎಲ್ಲಾ ಕಾಣತೈತಿ," ಎಂದು ಅತ್ತಿ ಹೆಲ್ಮೆಟ್ಟಿನ ಗಾಜನ್ನಷ್ಟೇ ಮೇಲೆತ್ತಿದಳು. ಕಾರ್ಯಕ್ರಮ ನೇರ ಪ್ರಸಾರ. ತಪ್ಪಿದರೆ ಅಳಿಸುವಂತಿಲ್ಲ. ಕೆಂಪು ದೀಪ ಹತ್ತಿತು. ನನ್ನ ಕಣ್ಣ ಮುಂದೆ ಮಾಲೀಕನ ನಗು, ಖಾಲಿ ನಿಂತ ಟೆಂಪೋ. ಬರೆದುಕೊಂಡದ್ದೆಲ್ಲ ಮರೆತುಹೋಯಿತು.

"ಇವತ್ತು ನಮ್ಮ ಜೊತೆ... ಒಬ್ಬ... ಲೇಡಿ ಸಿಂಗರ್ ಇದ್ದಾರೆ."

ಧಡ್ ಎಂದು ಸದ್ದಾಯಿತು. ಅತ್ತಿ ಹೆಲ್ಮೆಟ್ ತೆಗೆದು ಮೇಜಿನ ಮೇಲೆ ಇಟ್ಟಿದ್ದಳು.

"ಹಂಗ ಅನಬ್ಯಾಡವಾ. ಆತನೂ ಹಂಗs ಅಂತಿದ್ದ."

ಮೈಕಿನ ಹತ್ತಿರ ಬಾಗಿ ತನ್ನ ಹೆಸರು ಹೇಳಿದಳು. ತನ್ನ ಅಪ್ಪನ ಹೆಸರು, ಊರಿನ ಹೆಸರು, ಎಲ್ಲ. ನಾನದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವಳ ಬಾಯಿಂದಲೇ ಕೇಳಬೇಕಾದ್ದು. ಪಿನ್ನಿನ ಮಾತು ಹೇಳಿದಳು, ನೀರಿನ ಮಾತು ಹೇಳಿದಳು. ಕೊನೆಗೆ ತನ್ನ ಅವ್ವ ಜೋಳ ಬೀಸುವಾಗ ಹೇಳುತ್ತಿದ್ದ ಒಂದು ಪದ ಹಾಡಿದಳು. ಮಿಕ್ಸರ್ ಇಲ್ಲದೆ ಅವಳ ದನಿ ಕೇಳಿದ್ದು ನಾನು ಅದೇ ಮೊದಲು. ಅಷ್ಟು ಹೊತ್ತೂ ಮೇಜಿನ ಕೆಳಗೆ ಅವಳು ನನ್ನ ಕೈ ಬಿಡಲಿಲ್ಲ. ಅಥವಾ ಬಿಡದೆ ಹಿಡಿದಿದ್ದವಳು ನಾನೋ!

ದೀಪ ಆರಿದ ಕೂಡಲೇ ನಾನು ಕೇಳಿದೆ: "ಅತ್ತಿ, ಮಾಮಾನ ಕೆಲಸದ ಗತಿ?"

"ಮುಂಜಾನೆ ಅವ್ರಿಗೆ ಎಲ್ಲಾ ಹೇಳೇನಿ."

"ಏನಂದ್ರು?"

"ಆತನ ಬಾಡಿಗಿ ಸಾಕು, ಟೆಂಪೋದಾಗಿನ ಸ್ಪೀಕರ್ ಆತನ ಮನಿ ಮುಂದ ಇಳಿಸಿ ಬರ್ತೀನಿ ಅಂತ ಹೋದ್ರು."

"ಹಂಗಾರ ಹೆಲ್ಮೆಟ್ ಯಾಕ?"

"ಹುಚ್ಚಿ, ಹೇಳಿದ ಕೂಡ್ಲೆ ಅಂಜಿಕಿ ಹೋಗತೈತೇನ?" ಎಂದವಳು ಸೆರಗಿನಿಂದ ಮುಖ ಒರೆಸಿಕೊಂಡು ಸುತ್ತ ನೋಡಿದಳು. "ಕುಡಿಯಾಕ ನೀರ ಐತೇನವಾ?"

ನನಗೆ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ನನ್ನ ಬಾಟಲಿ ಕೊಟ್ಟೆ. ಗಟಗಟ ಎಂದು ಪೂರಾ ಕುಡಿದಳು, ಸೆಲ್ಮಾಳದ್ದನ್ನೂ ಕುಡಿದಳು. ಆಮೇಲೆ ಬಾಯಿ ಒರೆಸಿಕೊಂಡು, ಸ್ಟುಡಿಯೋದ ಎಲ್ಲರಿಗೂ ಕೇಳುವಂತೆ ಕೇಳಿದಳು:

"ಇಲ್ಲೆ ಹೆಣ್ಮಕ್ಕಳ ಬಾತ್‌ರೂಮ್ ಎಲ್ಲೈತಿ?"

ಸೆಲ್ಮಾ ಕರೆದುಕೊಂಡು ಹೋದಳು. ನಾನು ಪೈಲಟನ ಹೆಲ್ಮೆಟ್ ಎದೆಗವಚಿಕೊಂಡು ಕಾರಿಡಾರಿನಲ್ಲಿ ನಿಂತು ಅತ್ತುಬಿಟ್ಟೆ.