ದಣಪೆ ಹಾಕದ ಶತ್ರುಗಳು

ನಾಲ್ಕು ಜನ ಪುಕ್ಕಟೆ ಸೇರಿ ಮಾಡುವ ಕೆಲಸಕ್ಕೆ ನಿಯಮ ಹಾಕಲು ಹೋದವನ ಫಜೀತಿ ಮುಗಿಯುವಂಥದ್ದಲ್ಲ. ನನ್ನದನ್ನೇ ಕೇಳಿ.

ಎರಡು ಸಾವಿರದ ಇಸವಿಯ ಆಚೀಚೆ ಶಿರಸಿಯಲ್ಲಿ ನನ್ನದೊಂದು ಕಂಪ್ಯೂಟರ್ ಕೇಂದ್ರವಿತ್ತು. ಅಲ್ಲಿಗೆ ಬರುವ ಕೆಲವರಿಗೆ ಒಂದು ಆಟದ ಹುಚ್ಚು. ಎರಡು ಪಡೆ, ಒಬ್ಬರ ಬಾವುಟ ಇನ್ನೊಬ್ಬರು ಕದಿಯಬೇಕು, ಅಡ್ಡ ಬಂದವರಿಗೆ ಗುಂಡು. ಆಡುವ ಜಾಗದ ನಕ್ಷೆಯನ್ನು ಯಾರು ಬೇಕಾದರೂ ಮಾಡಿ ಹೊರದೇಶದ ಬಳಗವೊಂದಕ್ಕೆ ಕಳಿಸಬಹುದು. ಅವರು ಒಪ್ಪಿದರೆ ಲೋಕವೆಲ್ಲ ಅದರಲ್ಲಿ ಆಡುತ್ತದೆ. ಒಂದು ನಕ್ಷೆಗೆ ಮೂರೇ ಅವಕಾಶ.

ಸಿದ್ದಾಪುರದ ಡ್ರಾಯಿಂಗ್ ಮಾಸ್ತರು ನಿವೃತ್ತಿಯ ವರ್ಷ ಒಂದು ನಕ್ಷೆ ಮಾಡಿದರು. ಜೀವಮಾನವಿಡೀ ಮಕ್ಕಳಿಗೆ ಬಾಳೆಹಣ್ಣು, ಹೂಜಿ ಬರೆಸಿದ ಮನುಷ್ಯ. "ಎನ್ನದೂ ಒಂದು ಚಿತ್ರ ಲೋಕ ನೋಡ್ಲಿ" ಎಂಬುದೊಂದೇ ಆಸೆ. ಮೊದಲ ಸಲ ಕಳಿಸಿದ್ದು ತಿರುಗಿ ಬಂತು. ಇನ್ನು ಪರೀಕ್ಷೆ ಆಗದೆ ಏನೂ ಹೊರಡಕೂಡದು ಎಂದು ನಾನೇ ಮೇಲ್ವಿಚಾರಕನಾಗಿ ಕೂತೆ.

೧. ತಪ್ಪಿನ ಕಾಲಂ

ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಆಡಿ ತಪ್ಪು ಬರೆಯಬೇಕೆಂದು ಫಾರಂ ಮಾಡಿದೆ. ಯಲ್ಲಾಪುರದ ಕಡೆಯ ನಂದೊಳ್ಳಿಯಿಂದ ಬರುತ್ತಿದ್ದ ಪಂಪ್‌ಸೆಟ್ ಮೆಕ್ಯಾನಿಕ್ ಒಂದು ತಾಸು ಆಡಿ, ಎರಡು ಸಲ ಗೋಡೆಯೊಳಗೆ ಸಿಕ್ಕಿಕೊಂಡು, "ಅಡ್ಡಿಲ್ಲೆ" ಎಂದು ಬರೆದ. ನಮ್ಮಲ್ಲಿ ಮದುವೆ ಊಟದಿಂದ ಹೊಟ್ಟೆನೋವಿನವರೆಗೆ ಎಲ್ಲದಕ್ಕೂ ಇದೇ ಉತ್ತರ.

"ಗೋಡೇಲಿ ಸಿಕ್ಕಿಬಿದ್ದೆ ಅಲ್ದ?" ಎಂದೆ.

"ಬರದ್ರೆ ಮಾಸ್ತರು ಬೇಜಾರ ಮಾಡ್ಕ್ಯತ್ತ."

ಮೂರು ತಪ್ಪು ಬರೆಯಲೇಬೇಕೆಂದು ನಿಯಮ ಬಿಗಿ ಮಾಡಿದೆ. ಬರೆದ. ಒಂದು, ಕುರ್ಚಿಯ ಕಾಲು ಅಲುಗುತ್ತದೆ. ಎರಡು, ಫ್ಯಾನಿನ ಗಾಳಿ ತಾಗುವುದಿಲ್ಲ. ಮೂರು, ಮೇಲ್ವಿಚಾರಕರು ಬೆನ್ನ ಹಿಂದೆ ನಿಂತು ಉಸಿರು ಬಿಡುತ್ತಾರೆ.

೨. ತೊಡೆದೇವು

ಇವರನ್ನು ನಂಬಿದರೆ ಆಗಲಿಕ್ಕಿಲ್ಲವೆಂದು ನಾನೇ ಸಿದ್ದಾಪುರದ ಬಸ್ಸು ಹತ್ತಿದೆ. ಮಾಸ್ತರ ಹೆಂಡತಿ ಕಬ್ಬಿನಹಾಲಿನ ತೆಳ್ಳನೆ ಸಿಹಿ ತೊಡೆದೇವಿಗೆ ಹಾಲು, ತುಪ್ಪ ಹಾಕಿ ಕೊಟ್ಟರು. ನಾಲ್ಕನೆಯದು ಮುಗಿಯುವ ಹೊತ್ತಿಗೆ ನಕ್ಷೆಯೂ ಬಹಳ ಚೆನ್ನಾಗಿ ಕಂಡಿತು. ಸಹಿ ಹಾಕಿ ಕಳಿಸಿದೆ. ನಕ್ಷೆ ಮತ್ತೆ ವಾಪಸು ಬಂತು: ಕೆಂಪು ಪಡೆಯ ಬಾವುಟ ನೆಲದೊಳಗೆ ಹೂತುಹೋಗಿದೆಯಂತೆ. ಮಾಸ್ತರ ಮುಖ ನೋಡಲು ನನಗೆ ನಾಚಿಕೆಯಾಯಿತು.

ಸಹಿಗೆ ಮೊದಲು ನಕ್ಷೆ ಮಾಡಿದವರ ಮನೆಯಲ್ಲಿ ಏನೂ ಮುಟ್ಟಬಾರದು ಎಂದು ಹೊಸ ನಿಯಮ. ಮುಂದಿನ ಸಲ ಹೋದಾಗ ನೀರೂ ಬೇಡವೆಂದೆ. ಮಾಸ್ತರ ಹೆಂಡತಿ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟರು.

"ಎಂತ ತಪ್ಪಾತು ನಮ್ಮನೇಲಿ? ಆಸ್ರಿಗೂ ಬ್ಯಾಡ ಹೇಳ್ತ್ಯಲ!"

"ಅಯ್ಯೋ, ಎಂತ ತಪ್ಪೂ ಇಲ್ಲೆ ಅಕ್ಕಾ!"

ಫಾರಂ ಹಿಡಿದು ಕೂತಿದ್ದ ಮಾಸ್ತರು ತಪ್ಪಿನ ಕಾಲಂನಲ್ಲಿ ನನ್ನ ಮಾತನ್ನು ಹಾಗೇ ಬರೆದುಕೊಂಡರು.

೩. ದಣಪೆ

ಉಳಿದದ್ದು ಒಂದೇ ಅವಕಾಶ. ಬಾವುಟ ಮೇಲೆ ಬಂದಿತ್ತು. ಜೊತೆಗೆ ಸುತ್ತ ಬೇಲಿ, ಬೇಲಿಗೊಂದು ದಣಪೆ: ಮೂರು ಗಳ ಸರಿಸಿ ದಾಟುವುದು, ದಾಟಿದ ಮೇಲೆ ಮತ್ತೆ ಅಡ್ಡ ಹಾಕುವುದು. ನಮ್ಮ ಕೇಂದ್ರದಲ್ಲಿ ಆಡಿಸಿ ನೋಡಿದರೆ ಎರಡೂ ಪಡೆ ಅಲ್ಲೇ ಸತ್ತವು. ಬಾವುಟ ಕದ್ದು ಓಡುವ ಮೆಕ್ಯಾನಿಕ್ ಕೂಡ ನಿಂತು, ತಿರುಗಿ, ದಣಪೆ ಹಾಕುತ್ತಾನೆ. ಅಷ್ಟರಲ್ಲಿ ಗುಂಡು ಬೀಳುತ್ತದೆ.

"ಬಿಟ್ಟು ಓಡೋ!"

"ದನ ನುಗ್ತು ಮಾರಾಯ!"

"ಆಟದಲ್ಲಿ ದನ ಎಲ್ಲಿದ್ದೋ?"

ಮಾಸ್ತರು ಮೆಲ್ಲಗೆ, "ಇದ್ದು" ಎಂದರು.

ದಣಪೆ ತೆರೆದಿಟ್ಟರೆ ದನ ಬಂದು ಬಾವುಟ ತಿನ್ನುವ ಹಾಗೆ ಮಾಡಿದ್ದರು. ನಮ್ಮವರು ಯಾರೂ ತೆರೆದಿಡದ ಕಾರಣ ದನ ಯಾರಿಗೂ ಕಂಡಿರಲಿಲ್ಲ. ಇದೊಂದು ತೆಗೆಯಿರಿ, ಕೊನೇ ಅವಕಾಶ ಎಂದು ಕೈ ಮುಗಿದೆ.

"ತೆಗಿತ್ನಿಲ್ಲೆ. ದಣಪೆ ಹಾಕದೇ ಹೋಪವಂಗೆ ಬಾವುಟ ಎಂತಕ್ಕೆ?"

ದಣಪೆ, ದನ ಸಮೇತ ಹಾಗೇ ಕಳಿಸಿದೆ. ಉತ್ತರ ಬಂತು. ಕನ್ನಡದಲ್ಲಿ ಓದಿ ಹೇಳಿದೆ: "ನಕ್ಷೆ ಸುಂದರವಾಗಿದೆ. ಆದರೆ ಎರಡೂ ಪಡೆಯ ಬಾವುಟ ಕಾಣೆಯಾಗುತ್ತಿದೆ. ಈ ಮೂರನೇ ಪಡೆ ಯಾರದ್ದು?"

"'ದಣಪೆ ಹಾಕಿ' ಹೇಳಿ ಬರಿ" ಎಂದರು ಮಾಸ್ತರು. ನಾನೊಂದು "ದಯವಿಟ್ಟು" ಸೇರಿಸಿ ಬರೆದೆ.

ಮೂರು ದಿನ ಸುದ್ದಿಯಿಲ್ಲ. ನಾಲ್ಕನೆಯ ದಿನ ಪತ್ರ ಬಂತು: "ಒಪ್ಪಿದ್ದೇವೆ. ಈಗ ನಾವೂ ದಾಟಿದ ಮೇಲೆ ಗಳ ಹಾಕುತ್ತಿದ್ದೇವೆ. ಒಂದೇ ಕೋರಿಕೆ. ಗಳ ಹಾಕುವವರಿಗೆ ಗುಂಡು ಹೊಡೆಯಬಾರದೆಂದು ನಿಯಮ ಮಾಡಬಹುದೇ?"

ಮಾಸ್ತರು ಇನ್ನೊಮ್ಮೆ ಓದಿಸಿದರು. ಕನ್ನಡಕ ತೆಗೆದು ಒರೆಸಿಕೊಂಡರು, ಕಣ್ಣನ್ನೂ ಒರೆಸಿಕೊಂಡರು.

"ಹೆಂಗಾತು ಮಾಸ್ತರೆ?" ಎಂದೆ.

"ಅಡ್ಡಿಲ್ಲೆ" ಎಂದರು.