ನಾಲ್ಕು ನಿಂಬೆಹಣ್ಣಿನ ತೀರ್ಪು

ಕೇಶವಮೂರ್ತಿಯವರು ಶನಿವಾರ ಬೆಳಿಗ್ಗೆ ಒಂದೇ ಗಂಟೆಯೊಳಗೆ ಇಬ್ಬರ ಕಾರುಗಳನ್ನು "ತುಂಬಾ ಚೆನ್ನಾಗಿದೆ" ಎಂದು ಹೊಗಳಿದ್ದೇ ತಪ್ಪಾಯಿತು. ಒಬ್ಬರದನ್ನು ಮಾತ್ರ ಹೊಗಳಿದ್ದರೆ ಇನ್ನೊಬ್ಬರ ಜೊತೆ ನಿಷ್ಠುರವಾಗುತ್ತಿತ್ತು, ಅಷ್ಟೇ. ಆದರೆ ಯಾರಿಗೂ ಬೇಡ ಎನ್ನಲು ಬಾರದ ಈ ಮನುಷ್ಯ ಆ ದಿನ ಯಾರೊಬ್ಬರನ್ನೂ ಬಿಟ್ಟುಕೊಡುವ ಸ್ಥಿತಿಯಲ್ಲಿರಲಿಲ್ಲ.

ಅಮೆರಿಕದ ಷಾರ್ಲೆಟ್ ಊರಿನ ಕಂಪನಿಯೊಂದು ಅವರನ್ನು ಕೆಲಸದಿಂದ ತೆಗೆದು ಆಗಲೇ ನಲವತ್ತೇಳು ದಿನವಾಗಿತ್ತು. ಅರವತ್ತು ದಿನದೊಳಗೆ ಬೇರೆ ಯಾರಾದರೂ ಕೆಲಸ ಕೊಟ್ಟು ವೀಸಾ ಅರ್ಜಿ ಹಾಕಬೇಕು. ಇಲ್ಲದಿದ್ದರೆ ಹನ್ನೆರಡು ವರ್ಷದ ಸಂಸಾರವನ್ನು ಸೂಟ್‌ಕೇಸಿಗೆ ತುಂಬಿಕೊಂಡು ವಿಮಾನ ಹತ್ತಬೇಕು. ಮಗಳು ಯಾಮಿನಿಗೆ ಹೈಸ್ಕೂಲಿನ ಕೊನೆಯ ವರ್ಷ. ಉಳಿದಿದ್ದು ಹದಿಮೂರು ದಿನ. ಹೆಂಡತಿ ಉಷಾ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದಿನಾ ಬೆಳಿಗ್ಗೆ ಕ್ಯಾಲೆಂಡರ್ ಕಡೆ ನೋಡಿ ಕಾಫಿ ಕೊಡುತ್ತಿದ್ದಳು. ಅದು ಹೇಳುವುದಕ್ಕಿಂತ ಕೆಟ್ಟದಾಗಿತ್ತು.

ಅವರ ಬೀದಿಯಲ್ಲಿ ಕೆಲಸ ಕೊಡಬಲ್ಲವರು ಇಬ್ಬರೇ. ಎಡಗಡೆಯ ಮನೆಯ ಈರಣ್ಣ ಗದಗಿನ ಕಡೆಯವರು, ದೊಡ್ಡ ಬ್ಯಾಂಕೊಂದರಲ್ಲಿ ಐಟಿ ಡೈರೆಕ್ಟರ್. ಬಲಗಡೆಯ ಮನೆಯ ರಮೇಶ ಮೈಸೂರಿನವರು, ಸ್ವಂತ ಕನ್ಸಲ್ಟಿಂಗ್ ಕಂಪನಿಯ ಮಾಲೀಕರು. ಇಬ್ಬರಿಗೂ ಕಾರಿನ ಹುಚ್ಚು. ಒಬ್ಬರ ಹುಚ್ಚು ಇನ್ನೊಬ್ಬರಿಗೆ ಆಗುತ್ತಿರಲಿಲ್ಲ.

ಈರಣ್ಣನವರದು ಹಾಟ್ ರಾಡ್. ತೊಂಬತ್ತು ವರ್ಷದ ಹಳೆಯ ಕಾರನ್ನು ಗುಜರಿಯಿಂದ ತಂದು, ಛಾವಣಿ ತಗ್ಗಿಸಿ, ಮಡ್‌ಗಾರ್ಡ್ ಕಿತ್ತು, ದೊಡ್ಡ ಇಂಜಿನ್ ಕೂರಿಸಿ, ಆರು ವರ್ಷ ಸ್ವಂತ ಕೈಯಿಂದ ಕಟ್ಟಿದ್ದು. ಬಣ್ಣವೆಂದರೆ ದೋಸೆ ಕಾವಲಿಯ ಮಂಕು ಕಪ್ಪು. ಶುರು ಮಾಡಿದರೆ ಇಡೀ ಬೀದಿಯ ಕಿಟಕಿಗಳು ಗಡಗಡ ಎನ್ನುತ್ತಿದ್ದವು.

"ಮೂರ್ತಿ, ಖರೇ ಹೇಳ್ರಿ, ಹೆಂಗೈತಿ? ಗಾಡಿ ಅಂದಮ್ಯಾಲ ಓಡಬೇಕ್ರೀ. ಓಡಲಾರದ್ದಕ್ಕ ಗಾಡಿ ಅಂತ ಯಾಕ ಅನ್ನಬೇಕು?" ಎಂದು ಈರಣ್ಣ ಬೆಳಿಗ್ಗೆ ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಕೇಳಿದ್ದರು. "ಅಂದಂಗ, ನಮ್ಮ ಟೀಮಿನಾಗ ಒಂದು ಪೋಸ್ಟ್ ಖಾಲಿ ಐತಿ. ಸೋಮವಾರ ಮಾತಾಡೋಣು. ನನಗ ಖರೇ ಮಾತಾಡೋ ಮಂದಿ ಬೇಕು, ಬ್ಯಾರೆ ಏನೂ ಬ್ಯಾಡ."

"ತುಂಬಾ ಚೆನ್ನಾಗಿದೆ ಸಾರ್, ಇದೇ ನಿಜವಾದ ಕಾರು," ಎಂದಿದ್ದರು ಮೂರ್ತಿ.

ಅರ್ಧ ಗಂಟೆಯ ನಂತರ ರಮೇಶ ಕೈ ಬೀಸಿ ಕರೆದರು. ಅವರದು ಶೋ ಕಾರು, ಪ್ರದರ್ಶನಕ್ಕೆಂದೇ ಸಿಂಗರಿಸಿದ್ದು. ನೇರಳೆಗೆ ಬಂಗಾರ ಬೆರೆಸಿದಂಥ ಬಣ್ಣ, ಅದೂ ಹದಿನಾಲ್ಕು ಪದರ. ರೆಕ್ಕೆಯಂತೆ ಮೇಲೇಳುವ ಬಾಗಿಲು, ಒಳಗೆ ಬಿಳಿ ಮಖಮಲ್ಲಿನ ಸೀಟು, ಹಿಂದುಗಡೆ ಗಾಜಿನ ಪೆಟ್ಟಿಗೆಯಲ್ಲಿ ಪುಟ್ಟ ಕಾರಂಜಿ. ಹೊಟ್ಟೆಯ ಕೆಳಗಿನ ಹೊಳಪೂ ಕಾಣಲೆಂದು ನೆಲದ ಮೇಲೆ ಕನ್ನಡಿ ಇಡುತ್ತಿದ್ದರು. ಅದು ಎಲ್ಲಿಗೆ ಹೋದರೂ ಟ್ರೇಲರ್ ಮೇಲೆಯೇ ಹೋಗುತ್ತಿತ್ತು, ಬೀಗರ ಮನೆಗೆ ಬಂದ ದೊಡ್ಡತ್ತೆಯ ಹಾಗೆ ಕೂತಲ್ಲೇ ಎಲ್ಲ ಸೇವೆ ಮಾಡಿಸಿಕೊಳ್ಳುತ್ತಿತ್ತು.

"ಕಾರು ಅನ್ನೋದು ಆರ್ಟು ಮೂರ್ತಿ. ಓಡ್ಸೋಕೇನು, ಮಿನಿವ್ಯಾನೂ ಓಡತ್ತೆ," ಎಂದರು ರಮೇಶ. "ಆ ಈರಣ್ಣ ಅವ್ರದ್ದು ನೋಡಿ, ಟ್ರ್ಯಾಕ್ಟರ್ ಥರ ಇದೆ. ಅದಿರ್ಲಿ, ರೆಸ್ಯೂಮೆ ಕಳ್ಸಿ ನೀವು. ನಮ್ಮ ಕಂಪ್ನಿಯಿಂದ ಏನಾದ್ರೂ ಮಾಡೋಣ."

"ತುಂಬಾ ಚೆನ್ನಾಗಿದೆ ಸಾರ್, ಇದರ ಮುಂದೆ ಬೇರೆ ಕಾರೇ ಇಲ್ಲ," ಎಂದರು ಮೂರ್ತಿ.

ಹನ್ನೊಂದು ಗಂಟೆಗೆ ಕನ್ನಡ ಸಂಘದ ದಸರಾ. ಸ್ಕೂಲೊಂದರ ಪಾರ್ಕಿಂಗ್ ಲಾಟ್ ಬಾಡಿಗೆಗೆ ಹಿಡಿದು, ಆಯುಧ ಪೂಜೆಯ ಜೊತೆಗೆ ಕಾರುಗಳ ಪ್ರದರ್ಶನವನ್ನೂ ಇಟ್ಟಿದ್ದರು. ಅಲ್ಲಿ ಎದುರಾದ ಈರಣ್ಣ ಮತ್ತು ರಮೇಶ, ಮೂರ್ತಿಯವರ ಮಾತನ್ನೇ ಸಾಕ್ಷಿಯಾಗಿಟ್ಟುಕೊಂಡು ವಾದಕ್ಕಿಳಿದರು.

"ಮೂರ್ತೀನ ಕೇಳ್ರಿ, ಖರೇ ಗಾಡಿ ನಂದು ಅಂದಾರ."

"ನನ್ನ ಕಾರಿನ ಮುಂದೆ ಬೇರೆ ಕಾರೇ ಇಲ್ಲ ಅಂದಿದಾರೆ ರೀ ಅವ್ರು!"

ಸಂಘದ ಅಧ್ಯಕ್ಷೆ ಪ್ರತಿಭಾ ಮೇಡಮ್ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ನಡುವೆ ಬಂದರು. ಅವರ ಕೈಯಲ್ಲಿ ಗೆದ್ದ ಕಾರಿಗೆ ಕೊಡುವ ಮೊಳದುದ್ದದ ಟ್ರೋಫಿಯಿತ್ತು. "ಹಾಗಾದ್ರೆ ಮೂರ್ತಿಯವ್ರೇ ಜಡ್ಜ್ ಆಗ್ಲಿ. ಹೇಗೂ ಅವ್ರಿಗೆ ಈಗ ಟೈಮ್ ಇದೆ."

ಕೆಲಸ ಹೋದ ಸುದ್ದಿ ಅಲ್ಲಿ ಎಲ್ಲರಿಗೂ ಗೊತ್ತಿತ್ತು. ನಾಲ್ಕಾರು ಜನ ಮರುಕದಿಂದ ನೋಡಿದರು. ಮೂರ್ತಿಯವರು ನಾಚಿಕೆಯಿಂದ ಕುಗ್ಗಿ, ಆಗಲಿ ಎಂದರು.

"ರೀ, ಇಬ್ರಿಗೂ ಕೊಟ್ಬಿಡಿ," ಎಂದು ಉಷಾ ಕಿವಿಯಲ್ಲಿ ಹೇಳಿದಳು.

"ಟ್ರೋಫಿ ಒಂದೇ ಇರೋದು ಕಣೆ."

"ಹಾಗಿದ್ರೆ ನಿಮಗೆ ಹೊಟ್ಟೆನೋವು ಅಂತ ಹೇಳ್ತೀನಿ."

ಅದು ಸುಳ್ಳೇನೂ ಆಗುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಅರ್ಚಕರು ನಿಂಬೆಹಣ್ಣಿನ ಬುಟ್ಟಿ ಹಿಡಿದು ಬಂದರು. ಅದನ್ನು ಕಂಡದ್ದೇ ಮೂರ್ತಿಯವರಿಗೆ ಉಪಾಯ ಹೊಳೆಯಿತು. ಗಾಡಿಪೂಜೆಯಲ್ಲಿ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಗಾಡಿ ಹತ್ತಿಸುವುದು ಪದ್ಧತಿ. ಆ ನಿಂಬೆಹಣ್ಣೇ ತೀರ್ಪು ಕೊಡಲಿ! ತಪ್ಪು ಬಂದರೆ ದೇವರ ಮೇಲೆ ಹೋಗುತ್ತದೆ. ಅವರು ಮೈಕ್ ಹಿಡಿದು ಘೋಷಿಸಿಯೇಬಿಟ್ಟರು: "ಯಾವ ಕಾರು ನಾಲ್ಕು ನಿಂಬೆಹಣ್ಣನ್ನೂ ಒಂದೇ ಸಲಕ್ಕೆ ಜಜ್ಜತ್ತೋ ಅದಕ್ಕೇ ಟ್ರೋಫಿ!"

ಜನ ಚಪ್ಪಾಳೆ ತಟ್ಟಿದರು. ಈರಣ್ಣನವರು ಒಂದೇ ನೆಗೆತಕ್ಕೆ ಕಾರು ಹತ್ತಿದರು. ಇಂಜಿನ್ ಸಿಡಿಲಿನಂತೆ ಗುಡುಗಿತು, ಮಕ್ಕಳು ಕಿವಿ ಮುಚ್ಚಿಕೊಂಡರು, ಕಪ್ಪು ಹೊಗೆ ಪ್ರತಿಭಾ ಮೇಡಮ್ ಸೀರೆಯ ಮೇಲೆ ಹೋಯಿತು. ಮೂರು ಹಣ್ಣು ಅಪ್ಪಚ್ಚಿಯಾದವು. ನಾಲ್ಕನೆಯದು ಪಕ್ಕಕ್ಕೆ ಹಾರಿ ಚರಂಡಿ ಸೇರಿತು.

ಈಗ ರಮೇಶರ ಸರದಿ. ಅವರು ಮಾತ್ರ ಜಾಗ ಬಿಟ್ಟು ಅಲ್ಲಾಡಲಿಲ್ಲ. ಮೂರ್ತಿಯವರ ತೋಳು ಹಿಡಿದು ಕಾರಿನ ಹಿಂದಕ್ಕೆ ಎಳೆದುಕೊಂಡು ಹೋದರು.

"ಏನ್ರೀ ಮಾಡಿಟ್ರಿ? ಇದ್ರೊಳಗೆ ಇಂಜಿನ್ನೇ ಇಲ್ಲ ಕಣ್ರೀ!"

"ಮುಂದುಗಡೆ ಫಳಫಳ ಅಂತಿದೆಯಲ್ಲ ಸಾರ್?"

"ಅದು ಬರೀ ಡಬ್ಬ, ಮೇಲಿನ ಕವಚ. ಈ ಜನದ ಮುಂದೆ ನನ್ನ ಮಾನ ಹೋಗತ್ತೆ. ಹೇಗಾದ್ರೂ ಕಾಪಾಡಿ, ನಿಮ್ಮ ವಿಷಯ ನಾನು ನೋಡ್ಕೋತೀನಿ."

ಮೂರ್ತಿಯವರ ಕಣ್ಣ ಮುಂದೆ ಕ್ಯಾಲೆಂಡರ್ ಬಂದು ನಿಂತಿತು. ಮಾನ ಹೋದ ಮನುಷ್ಯ ಕೆಲಸ ಕೊಡುವುದಿಲ್ಲ. "ನೀವು ಒಳಗೆ ಕೂತು ಸ್ಟೇರಿಂಗ್ ಹಿಡ್ಕೊಳಿ. ನಾನು ಹಿಂದಿನಿಂದ ತಳ್ತೀನಿ," ಎಂದರು. ನೆಲದ ಕನ್ನಡಿಗಳನ್ನು ತೆಗೆಸಿದರು, ನಾದಸ್ವರದ ಹಾಡನ್ನು ಜೋರಾಗಿ ಹಾಕಿಸಿದರು. ಆಮೇಲೆ ಮೈಕಿನಲ್ಲಿ, "ರಮೇಶ್ ಸಾರ್ ಕಾರು ಎಲೆಕ್ಟ್ರಿಕ್ ಆಗಿರೋದ್ರಿಂದ ಸದ್ದು ಬರಲ್ಲ, ಎಲ್ರೂ ಸಹಕರಿಸಬೇಕು," ಎಂದರು.

ಈರಣ್ಣ ಹುಬ್ಬು ಗಂಟಿಕ್ಕಿದರು. "ಎಲೆಕ್ಟ್ರಿಕ್ ಏನ್ರೀ ಮೂರ್ತಿ? ಖರೇನಾ?"

"ಖಂಡಿತ ಸಾರ್. ನಾನೇ ಚೆಕ್ ಮಾಡಿದೀನಿ."

ಮೂರ್ತಿಯವರು ಹಿಂಬದಿಗೆ ಹೋಗಿ, ಕಾರಂಜಿಗೆ ಕೈಮುಗಿಯುವವರಂತೆ ಬಗ್ಗಿ, ಉಸಿರು ಬಿಗಿಹಿಡಿದು ತಳ್ಳಿದರು. ಕಾರು ಅಲುಗಲಿಲ್ಲ. ಭುಜ ಕೊಟ್ಟು ತಳ್ಳಿದರು. ಹೊಸ ಪಂಚೆ ಪರ್‍ರೆಂದಿತು. ಮೂರನೆಯ ಸಲ ಕಾರು ನಿಧಾನವಾಗಿ ಉರುಳಿ, ನಾಲ್ಕೂ ನಿಂಬೆಹಣ್ಣನ್ನು ಒಟ್ಟಿಗೆ ಜಜ್ಜಿತು. ಜನ ಹೋ ಎಂದರು. ಇಷ್ಟು ದಿನದ ಮೇಲೆ ಮೂರ್ತಿಯವರಿಗೆ ಮೊದಲ ಬಾರಿ ಎದೆ ಹಗುರಾಯಿತು.

ಆದರೆ ಕಾರು ನಿಲ್ಲಲಿಲ್ಲ. ಪಾರ್ಕಿಂಗ್ ಲಾಟ್ ಆ ಕಡೆಗೆ ಸ್ವಲ್ಪ ಇಳಿಜಾರಾಗಿತ್ತು.

"ಬ್ರೇಕ್ ಹಾಕಿ ಸಾರ್!" ಎಂದು ಮೂರ್ತಿಯವರು ಹರಿದ ಪಂಚೆ ಹಿಡಿದುಕೊಂಡು ಹಿಂದೆ ಓಡಿದರು.

"ಬ್ರೇಕ್ ಇದ್ರೆ ತಾನೇ ಹಾಕೋದು!" ಎಂದು ರಮೇಶ ಒಳಗಿನಿಂದ ಕೂಗಿದರು.

ಜನ ಇಬ್ಭಾಗವಾಗಿ ದಾರಿ ಬಿಟ್ಟರು. ಕಾರು ಹದಿನಾಲ್ಕು ಪದರದ ಬಣ್ಣದೊಂದಿಗೆ ಸಾವಕಾಶವಾಗಿ ಸಾಗಿ, ಇನ್ನೂರು ಜನರ ಊಟದ ಮೇಜಿಗೆ ಗುದ್ದಿ, ಪುಳಿಯೋಗರೆಯ ಟ್ರೇಗಳೊಳಗೆ ಮೂತಿಯಿಟ್ಟು ನಿಂತಿತು. ಮುಂದಿನ ಮುಚ್ಚಳ ಕಳಚಿಕೊಂಡು ಮೇಲೆದ್ದಿತು. ಫಳಫಳಿಸುವ ಡಬ್ಬದ ಒಳಗೆ ಏನೂ ಇಲ್ಲದ್ದನ್ನು ಇಡೀ ಕನ್ನಡ ಸಂಘ ನೋಡಿತು.

ರಮೇಶ ರೆಕ್ಕೆಬಾಗಿಲು ಎತ್ತಿ ಹೊರಗೆ ಬಂದರು. ಹೆಗಲ ಮೇಲಿನ ಪುಳಿಯೋಗರೆ ಕೊಡವಿ ಎಲ್ಲರಿಗೂ ಕೈಮುಗಿದರು.

"ಕ್ಷಮಿಸಿ. ಇದು ಎಲೆಕ್ಟ್ರಿಕ್ ಅಲ್ಲ. ಇದ್ರಲ್ಲಿ ಇಂಜಿನ್ ಇಲ್ಲ, ಬ್ರೇಕೂ ಇಲ್ಲ." ಮೇಲೆದ್ದ ಮುಚ್ಚಳ ಮುಚ್ಚಲು ಹೋಗಿ ಕೈಬಿಟ್ಟರು. "ಇಷ್ಟಾದ್ಮೇಲೆ ಇನ್ನೇನು ಮುಚ್ಚಿಡೋದು? ನನ್ನ ಕಂಪ್ನೀನೂ ಇಲ್ಲ. ಜೂನ್‌ನಲ್ಲೇ ಕ್ಲೋಸ್ ಆಯ್ತು. ಮನೇಲಿ ಬಿಟ್ಟು ಯಾರಿಗೂ ಹೇಳಿರ್ಲಿಲ್ಲ."

ಇಲ್ಲದ ಕಂಪನಿಯ ಕೆಲಸಕ್ಕಾಗಿ ಮೂರ್ತಿಯವರು ಪಂಚೆ ಹರಿದುಕೊಂಡಿದ್ದರು. ಇನ್ನು ಉಳಿದಿದ್ದು ಈರಣ್ಣ ಒಬ್ಬರೇ. ಮೂರ್ತಿಯವರು ತಡಮಾಡದೆ ಪ್ರತಿಭಾ ಮೇಡಮ್ ಕೈಯಿಂದ ಟ್ರೋಫಿ ಕಸಿದುಕೊಂಡು ಈರಣ್ಣನವರ ಮುಂದೆ ಹಿಡಿದರು.

"ಇದು ನಿಮ್ಮದೇ ಸಾರ್. ಓಡೋದೇ ಗಾಡಿ. ನಾನು ಮೊದಲಿಂದ್ಲೂ ಅದನ್ನೇ ಹೇಳ್ತಿದ್ದೆ."

ಈರಣ್ಣ ಟ್ರೋಫಿ ತೆಗೆದುಕೊಂಡರು. ಮೂರ್ತಿಯವರನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ನೇರವಾಗಿ ರಮೇಶರ ಹತ್ತಿರ ಹೋಗಿ ಟ್ರೋಫಿಯನ್ನು ಅವರ ಕೈಗಿಟ್ಟು ಬಿಗಿದಪ್ಪಿಕೊಂಡರು.

"ಇಷ್ಟು ಮಂದಿ ಮುಂದ ಖರೇ ಹೇಳಾಕ ಗುಂಡಿಗಿ ಬೇಕ್ರೀ ರಮೇಶ್! ನಂಗ ಇಂಥಾ ಮನಷ್ಯಾನ ಬೇಕಾಗಿತ್ತು. ಸೋಮವಾರ ಬ್ಯಾಂಕಿಗೆ ಬರ್ರಿ, ಪೋಸ್ಟ್ ಖಾಲಿ ಐತಿ. ನೀವು ಸಿಟಿಜನ್ ಅದೀರಿ, ವೀಸಾದ ತಕರಾರೂ ಇಲ್ಲ."

ಜನ ಮತ್ತೆ ಚಪ್ಪಾಳೆ ತಟ್ಟಿದರು. ಉಷಾ ತಟ್ಟಲಿಲ್ಲ. ಗಂಡನ ಹರಿದ ಪಂಚೆಯ ಮೇಲೆ ತನ್ನ ಶಾಲು ಹೊದಿಸಿ, "ನಡೀರಿ, ಮನೆಗೆ ಹೋಗೋಣ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮೂರ್ತಿಯವರಿಗೆ ಅಳು ಬರುವಂತಾಯಿತು.

ಅವರು ತಮ್ಮ ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ರಮೇಶ ಟ್ರೋಫಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡಿ ಬಂದರು.

"ಮೂರ್ತಿ, ಒಂದು ನಿಮಿಷ. ನಿಮ್ಮ ಉಪಕಾರ ಮರೆಯಲ್ಲ ನಾನು. ಆದ್ರೆ ನಾನು ಕೋಡಿಂಗ್ ಬಿಟ್ಟು ಹತ್ತು ವರ್ಷ ಆಯ್ತು. ಬ್ಯಾಂಕಲ್ಲಿ ಜಾಯಿನ್ ಆಗೋ ಮುಂಚೆ ಸ್ವಲ್ಪ ಹೇಳ್ಕೊಡ್ತೀರಾ? ಹೇಗೂ ನೀವು ಮನೇಲೇ ಇದೀರ. ಎರಡು ವಾರ ಸಾಕು."

ಮೂರ್ತಿಯವರು ಆಗಲ್ಲ ಎನ್ನಲು ಬಾಯಿ ತೆರೆದರು. ಹೆಂಡತಿಯ ಮುಖ ನೋಡಿದರು. ಬೆರಳು ಮಡಿಸಿ ಎಣಿಸಿದರು.

"ಹದಿಮೂರು ದಿನ ಇದೆ ಸಾರ್," ಎಂದರು. "ನಾಳೆಯಿಂದ್ಲೇ ಬನ್ನಿ."