ಜೀರಂಗಿಯ ಹಸಿರು

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೂ ಮಸ್ಕಿಯಲ್ಲಿ ನನ್ನ ಬ್ರಷ್ಷು ತಾಗದ ಅಂಗಡಿ ಬೋರ್ಡಿಲ್ಲ, ಎತ್ತಿನ ಕೊಂಬಿಲ್ಲ. ಅಂಥವನಿಗೆ ಒಂದು ಹುಳ ಯಾವ ಲೆಕ್ಕ!

ಕಾಲುವೆ ನೀರು ಬರುತ್ತದೆಂದು ಸಿಂಧನೂರು ಕಡೆಯ ಹೊಲಗಳಲ್ಲಿ ಜಾಲಿ ಕಡಿಯುತ್ತಿದ್ದ ಕಾಲ. ಗಿಡ ಹೋದರೆ ಅದರ ಹುಳವೂ ಹೋಗುತ್ತದೆ, ಎರಡರ ಚಿತ್ರವನ್ನೂ ಬರೆಸಿ ಪುಸ್ತಕ ಮಾಡಬೇಕು ಎಂದು ಮೈಸೂರು ಕಡೆಯ ಕೃಷಿ ಸಾಹೇಬರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಕೈಯಲ್ಲಿ ಇಂಗ್ಲಿಷರ ಕಾಲದ ದಪ್ಪ ಪುಸ್ತಕ. ಪುಟಪುಟಕ್ಕೂ ಕಾಡುಗಿಡ, ಎಲೆಯ ಮೇಲೆ ದುಂಬಿ. ಕಾಲಿನ ಕೂದಲೂ ಕಾಣುವಂತೆ ಕೈಯಿಂದ ಬಣ್ಣ ಹಾಕಿದ್ದು. ಬೆಂಕಿಪೊಟ್ಟಣದಲ್ಲಿ ಸತ್ತ ಜೀರಂಗಿ ಕೊಟ್ಟರು. ಜಾಲಿಯಲ್ಲಿ ನಮ್ಮ ಹುಡುಗರು ಹಿಡಿಯುವ ಹೊಳೆಯುವ ಹುಳ.

"ಜಾಲಿ ಟೊಂಗೆ ಮೇಲೆ ಇದನ್ನ ಇದ್ದ ಹಾಗೇ ಬರೀರಿ. ಭಾನುವಾರ ಬರ್ತೀನಿ. ಚೆನ್ನಾಗಿದ್ರೆ ನಮ್ಮ ಇಡೀ ಪುಸ್ತಕದ ಚಿತ್ರದ ಕೆಲಸ ನಿಮ್ಮದೇ."

ಅವರ ಜೀಪು ಓಣಿ ದಾಟುವುದರೊಳಗೆ ನಾನು ಹಲಗೆಗೆ ಹಳದಿ ಬಳಿದು, 'ಮೌನೇಶ, ಕೀಟ ಪರಿಣತರು' ಎಂದು ಬರೆದು ಬಾಗಿಲಿಗೆ ತೂಗುಹಾಕಿದೆ.

ಜಾಲಿ ಸಲೀಸಾಗಿ ಬಂತು. ಹುಟ್ಟಿದಾಗಿನಿಂದ ಆ ಮುಳ್ಳು ತುಳಿದ ಕಾಲು ನನ್ನದು. ಜೀರಂಗಿ ಕೈಕೊಟ್ಟಿತು. ಅದರ ರೆಕ್ಕೆ ಈ ಕಡೆಯಿಂದ ಹಸಿರು, ಆ ಕಡೆಯಿಂದ ಬಂಗಾರ. ನನ್ನ ಡಬ್ಬಿಯಲ್ಲಿದ್ದದ್ದು ಬಂಡಿಗೆ ಬಳಿಯುವ ಹಸಿರು.

ಹೆಂಡತಿ ಹುಲಿಗೆವ್ವ ಬಗ್ಗಿ ನೋಡಿದಳು. "ಮೆಣಸಿನಕಾಯಿ ಚಂದ ಬಂದೈತ್ರಿ. ಅದಕ್ಯಾಕ ಕಾಲ ಹಚ್ಚೀರಿ?"

ಶನಿವಾರ ಬೇರೆ ದಾರಿ ಕಾಣದೆ ಜೀರಂಗಿಯ ರೆಕ್ಕೆಗಳನ್ನೇ ಬಿಡಿಸಿ, ಜಾಲಿ ಅಂಟಿನಿಂದ ಚಿತ್ರಕ್ಕೆ ಅಂಟಿಸಿದೆ. ಉಳಿದ ಮೈಯನ್ನು ತಿಪ್ಪೆಗೆ ಎಸೆದೆ.

ಭಾನುವಾರ ಸಾಹೇಬರು ಚಿತ್ರ ನೋಡಿ ಟೋಪಿ ತೆಗೆದರು. "ಈ ಹೊಳಪು ಇಂಗ್ಲಿಷರ ಪುಸ್ತಕದಲ್ಲೂ ಇಲ್ಲ ಕಣ್ರೀ. ಹೇಗೆ ಬಂತು?"

"ಕೈಗುಣ ಅನ್ರಿ ಸಾಹೇಬ್ರ," ಎಂದೆ.

ಚಹಾ ಬಂತು. ಅವರು ಚಿತ್ರವನ್ನು ಕೂತಿದ್ದ ಹೊರಸಿನ ಮಂಚದ ಮೇಲಿಟ್ಟು ಚಹಾದ ಬಸಿ ಹಿಡಿದರು. ಅಷ್ಟರಲ್ಲಿ ನಮ್ಮ ಕೆಂಪು ಕೋಳಿ ಹೊರಸು ಹತ್ತಿ ಎರಡು ಸಲ ಕುಕ್ಕಿತು. ಜೀರಂಗಿ ಇದ್ದಲ್ಲಿ ತೂತು!

ಸಾಹೇಬರಿಗೆ ಸಿಟ್ಟು ಬರಲಿಲ್ಲ, ರೋಮಾಂಚನವಾಯಿತು. "ಕೋಳೀನೇ ನಿಜವಾದ ಹುಳ ಅಂದ್ಕೊಳ್ತಲ್ರೀ! ಎಂಥ ಕೈ ನಿಮ್ಮದು. ಕೂತ್ಕೊಳ್ಳಿ, ಇನ್ನೊಂದು ನನ್ನೆದುರಿಗೇ ಬರೀರಿ. ಎಲ್ಲಿ, ಆ ಹುಳ ತನ್ನಿ."

ನಾನು ಹುಲಿಗೆವ್ವನ ಕಡೆ ನೋಡಿದೆ. ಏನಾದರೂ ಹೇಳಿ ಕಾಪಾಡು ಎಂಬುದು ಆ ನೋಟದ ಅರ್ಥ.

ಹೇಳಿದಳು. "ಎಲ್ಲಿಂದ ತರ್ತಾರ್ರಿ ಸಾಹೇಬ್ರ? ಹುಳದ ಮೈ ನಿನ್ನೆ ತಿಪ್ಪ್ಯಾಗ ಈ ಕೋಳಿನ ತಿಂದಿತ್ತು. ರೆಕ್ಕಿ ಚಿತ್ರದಾಗ ಉಳಿದಿದ್ದುವು, ಈಗ ತಿಂತು. ಪಾಪ, ಅದಕ್ಕ ಗುರ್ತು ಸಿಕ್ಕೈತಿ."

ಸಾಹೇಬರು ಕೋಳಿಯನ್ನು ನೋಡಿದರು. ನನ್ನನ್ನು ನೋಡಿದರು. ಚಿತ್ರ ಎತ್ತಿ, ತೂತಿನಿಂದ ಮತ್ತೆ ನನ್ನನ್ನು ನೋಡಿದರು.

"ಜಾಲಿ ಚೆನ್ನಾಗಿದೆ," ಎಂದಷ್ಟೇ ಹೇಳಿ ಜೀಪು ಹತ್ತಿದರು.

ಪುಸ್ತಕದ ಕೆಲಸ ಲಿಂಗಸುಗೂರಿನ ಡ್ರಾಯಿಂಗ್ ಮಾಸ್ತರರ ಪಾಲಾಯಿತು. ನಾನು ಮತ್ತೆ ಕೊಂಬಿಗೆ ಬಣ್ಣ ಬಳಿಯಲು ಹೋದೆ. ಆ ಹಳದಿ ಬೋರ್ಡು ಈಗ ನಮ್ಮ ಕೋಳಿಗೂಡಿನ ಬಾಗಿಲು. ನನ್ನ ಹೆಸರನ್ನಷ್ಟೇ ಅಳಿಸಿದ್ದೇನೆ. 'ಕೀಟ ಪರಿಣತರು' ಹಾಗೇ ಇದೆ, ಒಳಗಿರುವವರಿಗೆ ಒಪ್ಪುತ್ತದೆ.